ಒಂಬತ್ತು ವರ್ಷಗಳ ನಿಲ್ದಾಣ: ಲಂಡನ್ನಿನ ಕಿಂಗ್ ವಿಲಿಯಂ ಸ್ಟ್ರೀಟ್ ನೀಡುವ ವಾಣಿಜ್ಯ ಪಾಠ

ಪೀಠಿಕೆ

ವಾಣಿಜ್ಯ ಹಾಗೂ ಕೈಗಾರಿಕಾ ಕ್ಷೇತ್ರದ ಸೋಲುಗಳನ್ನು ಕುರಿತು ಚರ್ಚಿಸುವಾಗ ಸಾಮಾನ್ಯವಾಗಿ ಬೇಡಿಕೆಯ ಕೊರತೆ, ಸಾಲದ ಹೊರೆ, ಪ್ರತಿಸ್ಪರ್ಧಿಗಳ ಹಾವಳಿ ಇವುಗಳನ್ನೇ ಮುಖ್ಯ ಕಾರಣಗಳೆಂದು ಹೇಳಲಾಗುತ್ತದೆ. ಆದರೆ ಗಿರಾಕಿಗಳು ಬಾರದೆ ಅಲ್ಲ, ಗಿರಾಕಿಗಳು ಹೆಚ್ಚಾಗಿ ಬಂದುದರಿಂದಲೇ ನಿರುಪಯುಕ್ತವಾದ ಆಸ್ತಿಗಳೂ ಉಂಟು. ಲಂಡನ್ ನಗರದ ಕಿಂಗ್ ವಿಲಿಯಂ ಸ್ಟ್ರೀಟ್ ಎಂಬ ಭೂಗತ ರೈಲು ನಿಲ್ದಾಣವು ಇದಕ್ಕೆ ಒಂದು ಉತ್ತಮ ನಿದರ್ಶನ. ಆಳವಾದ ಸುರಂಗದಲ್ಲಿ ವಿದ್ಯುತ್ತಿನಿಂದ ಓಡಿದ ಪ್ರಪಂಚದ ಮೊಟ್ಟಮೊದಲ ಪ್ರಮುಖ ರೈಲು ಮಾರ್ಗದ ಕೊನೆಯ ನಿಲ್ದಾಣ ಇದಾಗಿತ್ತು. 1890ರ ಡಿಸೆಂಬರ್ 18ರಂದು ಸಾರ್ವಜನಿಕರಿಗೆ ತೆರೆದ ಈ ನಿಲ್ದಾಣವನ್ನು 1900ರ ಫೆಬ್ರವರಿ 24ರಂದು ಶಾಶ್ವತವಾಗಿ ಮುಚ್ಚಲಾಯಿತು. ಅದರ ಆಯುಷ್ಯ ಕೇವಲ ಒಂಬತ್ತು ವರ್ಷ ಎರಡು ತಿಂಗಳು.

ಈ ನಿಲ್ದಾಣವನ್ನು ಕಟ್ಟಿದವರು ಅಸಮರ್ಥರಾಗಿರಲಿಲ್ಲ. ಅದರ ಎಂಜಿನಿಯರ್ ಆ ಕಾಲದ ಸುರಂಗ ನಿರ್ಮಾಣ ತಜ್ಞರಲ್ಲಿ ಅಗ್ರಗಣ್ಯನಾಗಿದ್ದನು. ಮಾರ್ಗವೂ ವಿಫಲವಾಗಲಿಲ್ಲ, ಅದು ಇಂದಿಗೂ ಲಂಡನ್ ಭೂಗತ ರೈಲ್ವೆಯ ನಾರ್ದರ್ನ್ ಲೈನಿನ ಭಾಗವಾಗಿ ಕಾರ್ಯನಿರ್ವಹಿಸುತ್ತಿದೆ. ಹಾಗಿದ್ದಲ್ಲಿ ತಪ್ಪಿದ್ದು ಎಲ್ಲಿ? ಸ್ಥಿರ ಆಸ್ತಿಗಳಲ್ಲಿ ಬಂಡವಾಳ ಹೂಡುವ ಪ್ರತಿಯೊಬ್ಬ ವರ್ತಕನೂ, ಸಣ್ಣ ಕೈಗಾರಿಕೋದ್ಯಮಿಯೂ ಈ ಪ್ರಶ್ನೆಯ ಉತ್ತರವನ್ನು ಅರಿಯುವುದು ಪ್ರಯೋಜನಕರ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ 'ಸಿಟಿ' ಪ್ರದೇಶವು ಬ್ಯಾಂಕುಗಳು, ವಿಮಾ ಸಂಸ್ಥೆಗಳು ಮತ್ತು ಷೇರುಪೇಟೆಯ ಕೇಂದ್ರವಾಗಿತ್ತು. ಅಲ್ಲಿ ದುಡಿಯುತ್ತಿದ್ದ ಗುಮಾಸ್ತರು ಮತ್ತು ನೌಕರರಲ್ಲಿ ಬಹುಮಂದಿ ಥೇಮ್ಸ್ ನದಿಯ ದಕ್ಷಿಣದ ಬಡಾವಣೆಗಳಲ್ಲಿ ವಾಸಿಸುತ್ತಿದ್ದರು. ಬೆಳಿಗ್ಗೆ ಮತ್ತು ಸಂಜೆ ಲಂಡನ್ ಸೇತುವೆಯ ಮೇಲೆ ಪಾದಚಾರಿಗಳು, ಕುದುರೆ ಬಸ್ಸುಗಳು ಹಾಗೂ ಸರಕಿನ ಬಂಡಿಗಳ ದಟ್ಟಣೆ ವಿಪರೀತವಾಗಿರುತ್ತಿತ್ತು. 1863ರಲ್ಲಿಯೇ ಲಂಡನ್ನಿನಲ್ಲಿ ಭೂಗತ ರೈಲು ಆರಂಭವಾಗಿದ್ದರೂ, ಅದು ರಸ್ತೆಯನ್ನು ಅಗೆದು, ಹಳಿ ಹಾಸಿ, ಮೇಲೆ ಮುಚ್ಚುವ ವಿಧಾನದಿಂದ ನಿರ್ಮಿಸಿದ, ಉಗಿಯಂತ್ರಗಳು ಎಳೆಯುವ ಮಾರ್ಗವಾಗಿತ್ತು. ನದಿಯ ಕೆಳಗೆ, ದಟ್ಟ ಕಟ್ಟಡಗಳ ನಡುವೆ ಆ ವಿಧಾನವು ಸಾಧ್ಯವಿರಲಿಲ್ಲ.

ಪರಿಹಾರದ ಬೀಜವು ಬೇರೊಂದು ಚಿಕ್ಕ ಕಾಮಗಾರಿಯಲ್ಲಿತ್ತು. 1869ರಲ್ಲಿ ಪೀಟರ್ ಬಾರ್ಲೋ ಎಂಬ ಎಂಜಿನಿಯರನ ಯೋಜನೆಯಂತೆ ಲಂಡನ್ ಕೋಟೆಯ ಬಳಿ ಥೇಮ್ಸ್ ನದಿಯ ಅಡಿಯಲ್ಲಿ 'ಟವರ್ ಸಬ್‌ವೇ' ಎಂಬ ಕಿರಿದಾದ ಸುರಂಗವನ್ನು ಕೊರೆಯಲಾಯಿತು. ಇದರ ಗುತ್ತಿಗೆಯನ್ನು ವಹಿಸಿಕೊಂಡವನು ದಕ್ಷಿಣ ಆಫ್ರಿಕಾದಲ್ಲಿ 1844ರಲ್ಲಿ ಜನಿಸಿದ ತರುಣ ಜೇಮ್ಸ್ ಹೆನ್ರಿ ಗ್ರೇಟ್‌ಹೆಡ್. ವೃತ್ತಾಕಾರದ ಕಬ್ಬಿಣದ ಕವಚವೊಂದನ್ನು ಜೇಡಿಮಣ್ಣಿನೊಳಗೆ ಮುಂದೆ ಮುಂದೆ ತಳ್ಳುತ್ತ, ಅದರ ಆಶ್ರಯದಲ್ಲಿ ಕಾರ್ಮಿಕರು ಮಣ್ಣನ್ನು ಅಗೆಯುತ್ತ, ಹಿಂಬದಿಯಲ್ಲಿ ಎರಕದ ಕಬ್ಬಿಣದ ಬಳೆಗಳನ್ನು ಜೋಡಿಸುತ್ತ ಸಾಗುವ ಪದ್ಧತಿ ಅದಾಗಿತ್ತು. ಸುರಂಗವು ಯಶಸ್ವಿಯಾಗಿ ಮುಗಿದರೂ, ಅದರೊಳಗೆ ಹಗ್ಗದಿಂದ ಎಳೆಯುವ ಒಂದೇ ಒಂದು ಪುಟ್ಟ ಗಾಡಿಯನ್ನು ಓಡಿಸಿದ ಕಂಪನಿಯು 1870ರಲ್ಲಿ, ಆರಂಭವಾದ ಕೆಲವೇ ತಿಂಗಳುಗಳಲ್ಲಿ ದಿವಾಳಿಯಾಯಿತು. ನಿರ್ಮಾಣ ವಿಧಾನವು ಗೆದ್ದಿತು. ಸಾಗಣೆಯ ಸಾಮರ್ಥ್ಯವು ಸೋತಿತು. ಈ ಸೂಚನೆಯು ಮುಂದೆ ಬಂದ ಯೋಜನೆಗೂ ಅನ್ವಯಿಸುವಂತಿತ್ತು.

ಯೋಜನೆಯ ಸ್ವರೂಪ

1884ರಲ್ಲಿ 'ಸಿಟಿ ಆಫ್ ಲಂಡನ್ ಅಂಡ್ ಸದರ್ಕ್ ಸಬ್‌ವೇ' ಎಂಬ ಕಂಪನಿಗೆ ಬ್ರಿಟಿಷ್ ಸಂಸತ್ತು ಅನುಮತಿ ನೀಡಿತು. ಸಿಟಿಯ ಕಿಂಗ್ ವಿಲಿಯಂ ಸ್ಟ್ರೀಟ್‌ನಿಂದ ನದಿಯ ಕೆಳಗೆ ಹಾದು ಎಲಿಫೆಂಟ್ ಅಂಡ್ ಕ್ಯಾಸಲ್ ಎಂಬಲ್ಲಿಯವರೆಗೆ ಜೋಡಿ ಸುರಂಗಗಳನ್ನು ಕೊರೆಯುವುದು ಯೋಜನೆಯಾಗಿತ್ತು. ಗ್ರೇಟ್‌ಹೆಡ್ ಅದರ ಎಂಜಿನಿಯರನಾದನು. 1886ರಲ್ಲಿ ಕಾಮಗಾರಿ ಆರಂಭವಾಯಿತು. ದುಬಾರಿಯಾದ ನಿವೇಶನವನ್ನು ಕೊಳ್ಳದೆ, ನದಿಯಲ್ಲಿಯೇ ಓಲ್ಡ್ ಸ್ವಾನ್ ಧಕ್ಕೆಯ ಬಳಿ ಬಾವಿಯೊಂದನ್ನು ಇಳಿಸಿ, ಅಲ್ಲಿಂದ ಸುರಂಗಗಳನ್ನು ಕೊರೆದು, ಅಗೆದ ಮಣ್ಣನ್ನು ದೋಣಿಗಳ ಮೂಲಕ ಸಾಗಿಸಲಾಯಿತು. ಇದೊಂದು ಜಾಣ ಉಳಿತಾಯವೆಂಬುದರಲ್ಲಿ ಸಂದೇಹವಿಲ್ಲ. 1887ರಲ್ಲಿ ದೊರೆತ ಮತ್ತೊಂದು ಅನುಮತಿಯ ಮೇರೆಗೆ ಮಾರ್ಗವನ್ನು ಸ್ಟಾಕ್‌ವೆಲ್‌ವರೆಗೆ ವಿಸ್ತರಿಸಲಾಯಿತು. ಒಟ್ಟು ಉದ್ದ ಸುಮಾರು 3.2 ಮೈಲಿ, ಅಂದರೆ 5 ಕಿಲೋಮೀಟರಿಗಿಂತ ತುಸು ಹೆಚ್ಚು. ಒಟ್ಟು ನಿಲ್ದಾಣಗಳು ಆರು.

ಯೋಜನೆಯ ಮೂಲ ರೂಪದಲ್ಲಿ ಎರಡು ನಿರ್ಧಾರಗಳು ನಿರ್ಣಾಯಕವಾದವು.

ಮೊದಲನೆಯದು, ಎಳೆಯುವ ಶಕ್ತಿಯನ್ನು ಕುರಿತದ್ದು. ಎಂಜಿನ್ ಬದಲು, ಸತತವಾಗಿ ತಿರುಗುವ ಉಕ್ಕಿನ ಹಗ್ಗಕ್ಕೆ ಗಾಡಿಗಳು ಕಚ್ಚಿಕೊಂಡು ಸಾಗುವ ಕೇಬಲ್ ಪದ್ಧತಿಯನ್ನು ಆಯ್ಕೆ ಮಾಡಲಾಗಿತ್ತು. ಕಿಂಗ್ ವಿಲಿಯಂ ಸ್ಟ್ರೀಟ್ ಮತ್ತು ಎಲಿಫೆಂಟ್ ಅಂಡ್ ಕ್ಯಾಸಲ್ ನಡುವೆ ಹಗ್ಗದ ವೇಗವು ಗಂಟೆಗೆ 10 ಮೈಲಿ, ಅದರಾಚೆಯ ಭಾಗದಲ್ಲಿ 12 ಮೈಲಿ ಎಂದು ಗೊತ್ತುಪಡಿಸಲಾಗಿತ್ತು. ಕಡಿಮೆ ವೇಗದ ಚಿಕ್ಕ ಗಾಡಿಗಳಿಗೆ ದೊಡ್ಡ ಸುರಂಗವು ಅನವಶ್ಯಕವೆಂದು ಭಾವಿಸಿ ಉತ್ತರ ಭಾಗದ ಸುರಂಗದ ವ್ಯಾಸವನ್ನು 10 ಅಡಿ 2 ಅಂಗುಲಕ್ಕೆ, ದಕ್ಷಿಣ ಭಾಗದ್ದನ್ನು 10 ಅಡಿ 6 ಅಂಗುಲಕ್ಕೆ ಸೀಮಿತಗೊಳಿಸಲಾಯಿತು. ಹಗ್ಗವು ಗಾಡಿಯನ್ನು ಎಳೆಯುವಾಗ ಏರು, ಇಳಿಜಾರು, ತಿರುವುಗಳು ದೊಡ್ಡ ಅಡಚಣೆಯಲ್ಲವಾದ್ದರಿಂದ, ಕೊನೆಯ ನಿಲ್ದಾಣದ ಮುನ್ನ ತೀವ್ರವಾದ ಏರು ಮತ್ತು ತಿರುವು ಇದ್ದರೂ ಚಿಂತೆಯಿಲ್ಲವೆಂದು ತಿಳಿಯಲಾಯಿತು.

ಎರಡನೆಯದು, ಭೂಮಿಯ ಬೆಲೆಯನ್ನು ಕುರಿತದ್ದು. ಖಾಸಗಿ ಕಟ್ಟಡಗಳ ಅಡಿಯಲ್ಲಿ ಸುರಂಗ ಹೋದರೆ ಮಾಲೀಕರಿಗೆ ಪರಿಹಾರ ನೀಡಬೇಕಾಗುತ್ತಿತ್ತು. ಸಾರ್ವಜನಿಕ ರಸ್ತೆಯ ಕೆಳಗೆ ಹೋದರೆ ಆ ವೆಚ್ಚವು ತಪ್ಪುತ್ತಿತ್ತು. ಆದಕಾರಣ ಸುರಂಗಗಳನ್ನು ಆದಷ್ಟೂ ರಸ್ತೆಗಳ ಜಾಡಿನಲ್ಲಿಯೇ ಕೊಂಡೊಯ್ಯಲಾಯಿತು. ನದಿಯಿಂದ ಮೇಲೇರುವ ಸ್ವಾನ್ ಲೇನ್ ಎಂಬ ಓಣಿಯು ಎಷ್ಟು ಕಿರಿದಾಗಿತ್ತೆಂದರೆ ಎರಡು ಸುರಂಗಗಳನ್ನು ಅಕ್ಕಪಕ್ಕದಲ್ಲಿ ಇಡಲು ಸ್ಥಳವಿರಲಿಲ್ಲ. ಒಂದರ ಮೇಲೊಂದರಂತೆ ಅವುಗಳನ್ನು ಕೊರೆಯಲಾಯಿತು. ಅಲ್ಲಿಂದ ಅವು ತೀಕ್ಷ್ಣವಾಗಿ ತಿರುಗಿ ನಿಲ್ದಾಣವನ್ನು ಪ್ರವೇಶಿಸುತ್ತಿದ್ದವು. ಒಳಬರುವ ಗಾಡಿಯು 40 ಅಡಿಗೆ 1 ಅಡಿ ಏರನ್ನು ಹತ್ತಬೇಕಾಗಿತ್ತು.

ಈ ಎರಡೂ ನಿರ್ಧಾರಗಳು ಅಂದಿನ ಲೆಕ್ಕಪತ್ರದಲ್ಲಿ ಉಳಿತಾಯವಾಗಿಯೇ ಕಂಡವು ಎಂಬುದನ್ನು ಗಮನಿಸಬೇಕು.

ಯಂತ್ರ ಬದಲಾಯಿತು, ಅಳತೆ ಬದಲಾಗಲಿಲ್ಲ

1888ರಲ್ಲಿ ಅನಿರೀಕ್ಷಿತ ಸನ್ನಿವೇಶವೊಂದು ಎದುರಾಯಿತು. ಕೇಬಲ್ ವ್ಯವಸ್ಥೆಯನ್ನು ಒದಗಿಸಬೇಕಾಗಿದ್ದ ಪೇಟೆಂಟ್ ಕೇಬಲ್ ಟ್ರಾಮ್‌ವೇಸ್ ಕಾರ್ಪೊರೇಷನ್ ದಿವಾಳಿಯಾಯಿತು. ಸುರಂಗಗಳ ಕೆಲಸವು ಆ ವೇಳೆಗೆ ಬಹಳ ಮುಂದುವರಿದಿತ್ತು. ಚಾರ್ಲ್ಸ್ ಗ್ರೇ ಮಾಟ್ ಅಧ್ಯಕ್ಷತೆಯ ಆಡಳಿತ ಮಂಡಳಿಯು ಧೈರ್ಯದಿಂದ ಹೊಸ ದಾರಿಯನ್ನು ಹಿಡಿಯಿತು. ಮ್ಯಾಂಚೆಸ್ಟರಿನ ಮಾದರ್ ಅಂಡ್ ಪ್ಲಾಟ್ ಸಂಸ್ಥೆಗೆ ವಿದ್ಯುತ್ ಎಂಜಿನ್‌ಗಳ ಗುತ್ತಿಗೆಯನ್ನು ನೀಡಲಾಯಿತು. ಆ ಸಂಸ್ಥೆಯ ಎಡ್ವರ್ಡ್ ಹಾಪ್ಕಿನ್ಸನ್ ಎಂಬ ತಂತ್ರಜ್ಞನಿಗೆ 1885ರಲ್ಲಿ ಐರ್ಲೆಂಡಿನ ಬೆಸ್‌ಬ್ರೂಕ್ ವಿದ್ಯುತ್ ಟ್ರಾಮ್ ಮಾರ್ಗದಲ್ಲಿ ದುಡಿದ ಅನುಭವವಿತ್ತು. ಹದಿನಾಲ್ಕು ಎಂಜಿನ್‌ಗಳು ಸಿದ್ಧವಾದವು. ಸ್ಟಾಕ್‌ವೆಲ್‌ನಲ್ಲಿ ವಿದ್ಯುದಾಗಾರವನ್ನು ಸ್ಥಾಪಿಸಿ, ಹಳಿಗಳ ನಡುವಿನ ಮೂರನೆಯ ಕಂಬಿಯ ಮೂಲಕ 500 ವೋಲ್ಟಿನ ಏಕಮುಖ ವಿದ್ಯುತ್ತನ್ನು ಹರಿಸಲಾಯಿತು.

ಈ ನಿರ್ಧಾರವು ನಗರ ಸಾರಿಗೆಯ ಚರಿತ್ರೆಯನ್ನೇ ಬದಲಿಸಿತು. ಆದರೆ ಹೊಸ ಯಂತ್ರವನ್ನು ಹಳೆಯ ಯಂತ್ರಕ್ಕಾಗಿ ಅಳೆದ ಮನೆಯಲ್ಲಿಯೇ ಕೂರಿಸಬೇಕಾಯಿತು. ಸುರಂಗದ ವ್ಯಾಸ, ಏರು, ತಿರುವು, ಕೊನೆಯ ನಿಲ್ದಾಣದ ಉದ್ದ ಇವೆಲ್ಲವೂ ಎಂದಿಗೂ ಬಾರದ ಕೇಬಲ್ ಗಾಡಿಗಳಿಗಾಗಿ ನಿಗದಿಯಾದವು. ಕಬ್ಬಿಣ ಮತ್ತು ಇಟ್ಟಿಗೆಯಲ್ಲಿ ಹಣವು ಆಗಲೇ ಹೂತುಹೋಗಿದ್ದುದರಿಂದ ಅವುಗಳನ್ನು ಬದಲಿಸುವ ಅವಕಾಶವಿರಲಿಲ್ಲ.

ಉದ್ಘಾಟನೆ ಮತ್ತು ಜನಪ್ರಿಯತೆ

1890ರ ನವೆಂಬರ್ 4ರಂದು ವೇಲ್ಸ್ ರಾಜಕುಮಾರನು ಮಾರ್ಗವನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದನು. ಅದೇ ವರ್ಷ ಕಂಪನಿಯು 'ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ' ಎಂಬ ಹೆಸರನ್ನು ತಳೆಯಿತು. ದೂರ ಎಷ್ಟೇ ಇರಲಿ, ದರ್ಜೆಗಳ ಭೇದವಿಲ್ಲದೆ ಪ್ರಯಾಣ ದರ ಎರಡು ಪೆನ್ನಿ ಮಾತ್ರ. ಚೀಟಿಯ ಗೊಡವೆಯಿಲ್ಲದೆ ತಿರುಗು ಬಾಗಿಲಿನಲ್ಲಿ ಹಣ ತೆತ್ತು ಒಳಹೋಗಬಹುದಾಗಿತ್ತು. ಪ್ರಯಾಣಿಕರನ್ನು ಜಲಶಕ್ತಿಯ ಲಿಫ್ಟ್‌ಗಳು ಕೆಳಗಿಳಿಸುತ್ತಿದ್ದವು. ಮೂರು ಗಾಡಿಗಳ ರೈಲಿನಲ್ಲಿ ಗಾಡಿಯೊಂದಕ್ಕೆ 32ರಂತೆ 96 ಆಸನಗಳಿದ್ದವು. ಸುರಂಗದಲ್ಲಿ ನೋಡಲು ಏನೂ ಇಲ್ಲವೆಂದು ಗಾಡಿಗಳಿಗೆ ಸರಿಯಾದ ಕಿಟಕಿಗಳನ್ನೇ ಇಟ್ಟಿರಲಿಲ್ಲ; ಮೇಲ್ಭಾಗದಲ್ಲಿ ಕಿರಿದಾದ ಸೀಳುಗಳು ಮಾತ್ರ ಇದ್ದವು. ಎತ್ತರದ ಮೆತ್ತೆಯ ಆಸನಗಳಿಂದ ಕೂಡಿದ ಆ ಗಾಡಿಗಳನ್ನು ಜನರು 'ಮೆತ್ತೆ ಹೊದಿಸಿದ ಸೆರೆಕೋಣೆ' ಎಂದು ಹಾಸ್ಯ ಮಾಡುತ್ತಿದ್ದರು. ನಿಲ್ದಾಣದ ಹೆಸರನ್ನು ಸಿಬ್ಬಂದಿಯೇ ಕೂಗಿ ಹೇಳಬೇಕಾಗಿತ್ತು.

ಇಷ್ಟೆಲ್ಲ ಅನನುಕೂಲಗಳಿದ್ದರೂ ಜನರು ಮುಗಿಬಿದ್ದರು. ಮೊದಲನೆಯ ಪೂರ್ಣ ವರ್ಷವಾದ 1891ರಲ್ಲಿ ಸುಮಾರು 51 ಲಕ್ಷ ಪ್ರಯಾಣಿಕರು ಈ ಮಾರ್ಗವನ್ನು ಬಳಸಿದರು. ನದಿ ದಾಟುವ ವೇಗದ ಸಾರಿಗೆಗೆ ಮಾರುಕಟ್ಟೆ ಇದೆಯೇ ಎಂಬ ಸಂಶಯವು ಒಂದೇ ವರ್ಷದಲ್ಲಿ ನಿವಾರಣೆಯಾಯಿತು. ಆದರೆ ಷೇರುದಾರರಿಗೆ ದೊರೆತ ಲಾಭಾಂಶವು ಅತ್ಯಲ್ಪವಾಗಿತ್ತು. ಗಿರಾಕಿಗಳಿದ್ದರೂ ಲಾಭವೇಕೆ ಇಲ್ಲವೆಂಬುದಕ್ಕೆ ಉತ್ತರದ ಮುಖ್ಯ ಭಾಗವು ಕಿಂಗ್ ವಿಲಿಯಂ ಸ್ಟ್ರೀಟ್‌ನಲ್ಲಿಯೇ ಇತ್ತು.

ಇಕ್ಕಟ್ಟಿನ ನಾಲ್ಕು ಮುಖಗಳು

ಮೊದಲನೆಯದಾಗಿ, ನಿಲ್ದಾಣದ ವಿನ್ಯಾಸ. ಇಟ್ಟಿಗೆಯ ಒಂದೇ ದೊಡ್ಡ ಕಮಾನಿನೊಳಗೆ ಒಂದೇ ಹಳಿ, ಅದರ ಎರಡೂ ಬದಿಗೆ ಪ್ಲಾಟ್‌ಫಾರಂಗಳು. ಎರಡು ಸುರಂಗಗಳಿಂದ ಬಂದು ಹೋಗುವ ಎಲ್ಲ ರೈಲುಗಳೂ ಈ ಒಂದೇ ಹಳಿಯನ್ನು ಬಳಸಬೇಕಾಗಿತ್ತು. ಒಂದು ರೈಲು ಒಳಗಿರುವಾಗ ಮತ್ತೊಂದು ರೈಲು ಹೊರಗೇ ಕಾಯಬೇಕು. ಕೇಬಲ್ ಗಾಡಿಗೆ ಎಂಜಿನ್ ಇರುವುದಿಲ್ಲ. ವಿದ್ಯುತ್ ರೈಲಿಗಾದರೋ ಬಂದ ಎಂಜಿನ್ ಅನ್ನು ಬಿಚ್ಚಿ, ಮತ್ತೊಂದು ತುದಿಗೆ ಬೇರೊಂದು ಎಂಜಿನ್ ಜೋಡಿಸುವ ಕೆಲಸವೂ ಸೇರಿಕೊಂಡಿತು.

ಈ ಬಿಕ್ಕಟ್ಟಿನ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ನಿದರ್ಶನಕ್ಕಾಗಿ, ಪ್ರತಿಯೊಂದು ರೈಲು ನಿಲ್ದಾಣವನ್ನು 5 ನಿಮಿಷಗಳ ಕಾಲ ಆಕ್ರಮಿಸುತ್ತದೆಂದು ಭಾವಿಸೋಣ. ಗಂಟೆಗೆ ಗರಿಷ್ಠ 12 ರೈಲುಗಳು; ರೈಲಿಗೆ 96 ಆಸನಗಳಂತೆ 1,152 ಆಸನಗಳು. ಉಳಿದ ಐದು ನಿಲ್ದಾಣಗಳು ಎಷ್ಟೇ ದಕ್ಷವಾಗಿರಲಿ, ಎಂಜಿನ್‌ಗಳ ಸಂಖ್ಯೆಯನ್ನು ಎಷ್ಟೇ ಹೆಚ್ಚಿಸಲಿ, ಇದಕ್ಕಿಂತ ಒಂದು ಆಸನವನ್ನೂ ಹೆಚ್ಚು ಮಾರಲಾಗದು. ಸರಪಣಿಯ ಬಲವು ಅದರ ದುರ್ಬಲ ಕೊಂಡಿಯ ಬಲವೇ ಆಗಿರುತ್ತದೆ ಎಂಬುದು ಉತ್ಪಾದನಾ ಶಾಸ್ತ್ರದಲ್ಲಿಯೂ ಅಷ್ಟೇ ಸತ್ಯ.

ಎರಡನೆಯದಾಗಿ, ಪ್ಲಾಟ್‌ಫಾರಂಗಳ ಉದ್ದ. ಅವುಗಳಲ್ಲಿ ಮೂರು ಗಾಡಿಗಳ ರೈಲಿಗೆ ಮಾತ್ರ ಸ್ಥಳವಿತ್ತು. ರೈಲುಗಳ ಸಂಖ್ಯೆಯನ್ನು ಹೆಚ್ಚಿಸಲಾಗದಿದ್ದರೆ ಅವುಗಳ ಉದ್ದವನ್ನು ಹೆಚ್ಚಿಸುವುದು ಸಹಜ ಉಪಾಯ. ಆ ಉಪಾಯಕ್ಕೂ ಇಲ್ಲಿ ಬಾಗಿಲು ಮುಚ್ಚಿತ್ತು.

ಮೂರನೆಯದಾಗಿ, ವಿದ್ಯುತ್ ಪೂರೈಕೆ. ಕಡಿಮೆ ವೋಲ್ಟೇಜಿನ ಏಕಮುಖ ವಿದ್ಯುತ್ತು ತಂತಿಯಲ್ಲಿ ದೂರ ಸಾಗಿದಷ್ಟೂ ಕುಗ್ಗುತ್ತದೆ. ಎಳೆದುಕೊಳ್ಳುವ ವಿದ್ಯುತ್ ಪ್ರವಾಹ ಹೆಚ್ಚಿದಷ್ಟೂ ಈ ಕುಗ್ಗುವಿಕೆ ಹೆಚ್ಚುತ್ತದೆ. ವಿದ್ಯುದಾಗಾರವಿದ್ದುದು ದಕ್ಷಿಣ ತುದಿಯ ಸ್ಟಾಕ್‌ವೆಲ್‌ನಲ್ಲಿ. ಅತಿ ಹೆಚ್ಚು ಶಕ್ತಿಯನ್ನು ಬೇಡುವ ಏರು ಮತ್ತು ತಿರುವು ಇದ್ದುದು 5 ಕಿಲೋಮೀಟರ್ ಆಚೆಯ ಉತ್ತರ ತುದಿಯಲ್ಲಿ. ಹೀಗೆ ಶಕ್ತಿಯು ಎಲ್ಲಿ ಅತ್ಯಂತ ಕ್ಷೀಣವೋ ಅಲ್ಲಿಯೇ ಅದರ ಅವಶ್ಯಕತೆ ಅತ್ಯಧಿಕವಾಗಿತ್ತು. ವಿದ್ಯುತ್ ಮಾರ್ಗದ ಕೊನೆಯಲ್ಲಿರುವ ಪಂಪ್‌ಸೆಟ್ಟಿನ ಅಥವಾ ಕಾರ್ಖಾನೆಯ ಮೋಟಾರಿನ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಬಿದ ರೈಲು ಕೆಲವೊಮ್ಮೆ ಏರನ್ನು ಹತ್ತಲಾರದೆ ಹಿಂದಕ್ಕೆ ಸರಿದು, ಮತ್ತೊಮ್ಮೆ ವೇಗವನ್ನು ಪಡೆದು ಪ್ರಯತ್ನಿಸಬೇಕಾಗುತ್ತಿತ್ತು. ವಿದ್ಯುತ್ತಿನ ರೈಲ್ವೆಯಾಗಿದ್ದರೂ ನಿಲ್ದಾಣಗಳಿಗೆ ಅನಿಲದ ದೀಪಗಳನ್ನೇ ಬಳಸಬೇಕಾಗಿ ಬಂದಿತು.

ನಾಲ್ಕನೆಯದಾಗಿ, ದಿಕ್ಕು. ಸಿಟಿಯ ಹೃದಯಭಾಗವಾದ ಬ್ಯಾಂಕ್ ವೃತ್ತವೂ, ಅದರಾಚೆಯ ಉತ್ತರದ ಬಡಾವಣೆಗಳೂ ಮಾರ್ಗದ ಸ್ವಾಭಾವಿಕ ಮುಂದುವರಿಕೆಯಾಗಿದ್ದವು. ಆದರೆ ಸ್ವಾನ್ ಲೇನ್ ಜಾಡು ಹಿಡಿದು ಬಂದ ಸುರಂಗಗಳ ನೇರವು ಆ ಕಡೆಗೆ ಹೊಂದಿಕೊಳ್ಳುತ್ತಿರಲಿಲ್ಲ. ನಿಲ್ದಾಣವು ಕೊನೆಯಾಗಬಹುದಿತ್ತೇ ಹೊರತು ದಾರಿಯಾಗುವಂತಿರಲಿಲ್ಲ.

ತೇಪೆ ಮತ್ತು ತ್ಯಾಗ

ಕಂಪನಿಯ ಆಡಳಿತಗಾರರು ಈ ದೋಷಗಳನ್ನು ಅರಿಯದೆ ಇರಲಿಲ್ಲ. ಸಾರ್ವಜನಿಕ ಸಂಚಾರ ಆರಂಭವಾಗುವ ಮೊದಲೇ, 1890ರ ನವೆಂಬರ್ ತಿಂಗಳಿನಲ್ಲಿ, ಕಿಂಗ್ ವಿಲಿಯಂ ಸ್ಟ್ರೀಟ್ ಅನ್ನು ಬದಿಗಿರಿಸಿ ಬೇರೆ ಸುರಂಗಗಳ ಮೂಲಕ ಉತ್ತರದ ಇಸ್ಲಿಂಗ್ಟನ್ ಕಡೆಗೆ ಸಾಗುವ ಮಸೂದೆಯೊಂದರ ಪ್ರಕಟಣೆಯನ್ನು ಅವರು ಹೊರಡಿಸಿದರು. ಹೊಸ ನಿಲ್ದಾಣದ ಬಾಗಿಲು ತೆರೆಯುವ ಮುನ್ನವೇ ಅದನ್ನು ಬಿಟ್ಟುಕೊಡುವ ಯೋಚನೆ ಮೂಡಿತ್ತು. ಆ ಮಸೂದೆಗೆ ಸಂಸತ್ತಿನ ಒಪ್ಪಿಗೆ ದೊರೆಯಲಿಲ್ಲ. ಪರಿಷ್ಕೃತ ಮಸೂದೆಯು 1893ರಲ್ಲಿ ಕಾನೂನಾಯಿತು. ಈ ನಡುವೆ 1892ರಲ್ಲಿ ಸಂಸತ್ತಿನ ಜಂಟಿ ಸಮಿತಿಯೊಂದು ಇಂತಹ ಸುರಂಗಗಳ ವ್ಯಾಸವು ಕನಿಷ್ಠ 11 ಅಡಿ 6 ಅಂಗುಲವಿರಬೇಕೆಂದು ಶಿಫಾರಸು ಮಾಡಿತು. ಮೊದಲ ಮಾರ್ಗದ ಅನುಭವವು ಮುಂದಿನವರಿಗೆ ನಿಯಮವಾಯಿತು.

ಅನುಮತಿ ಮತ್ತು ಬಂಡವಾಳಕ್ಕಾಗಿ ಕಾಯುವ ಅವಧಿಯಲ್ಲಿ ಹಳೆಯ ನಿಲ್ದಾಣವನ್ನು ನಡೆಸಲೇಬೇಕಾಗಿತ್ತು. 1895ರಲ್ಲಿ ಒಂಟಿ ಹಳಿಯನ್ನು ಕಿತ್ತು, ನಡುವೆ ಒಂದು ಪ್ಲಾಟ್‌ಫಾರಂ, ಅದರ ಇಬ್ಬದಿಗಳಲ್ಲಿ ಎರಡು ಹಳಿಗಳು ಇರುವಂತೆ ಮಾರ್ಪಡಿಸಲಾಯಿತು. ಒಂದು ರೈಲು ಹೊರಡುವ ಮುನ್ನವೇ ಮತ್ತೊಂದು ಒಳಬರಲು ಇದರಿಂದ ಸಾಧ್ಯವಾಯಿತು. ಆದರೆ ಕಮಾನಿನ ಅಗಲವು ಹಿಂದಿನಷ್ಟೇ ಇದ್ದುದರಿಂದ ಪ್ಲಾಟ್‌ಫಾರಂ ಕಿರಿದಾಯಿತು. ರೈಲಿನ ಉದ್ದವನ್ನು ಹೆಚ್ಚಿಸಲಾಗಲಿಲ್ಲ. ಏರು ಮತ್ತು ತಿರುವು ಹಾಗೆಯೇ ಉಳಿದವು. ಇದು ತೇಪೆಯೇ ಹೊರತು ಪರಿಹಾರವಾಗಿರಲಿಲ್ಲ.

ಅಂತಿಮವಾಗಿ ಬರೋ ನಿಲ್ದಾಣದ ಉತ್ತರದಿಂದ ಹೊಸ ಜೋಡಿ ಸುರಂಗಗಳನ್ನು ಬೇರೆ ನೇರದಲ್ಲಿ ಕೊರೆದು, ಲಂಡನ್ ಬ್ರಿಡ್ಜ್ ಮತ್ತು ಬ್ಯಾಂಕ್ ನಿಲ್ದಾಣಗಳ ಮೂಲಕ ಮೂರ್‌ಗೇಟ್ ತಲುಪಲಾಯಿತು. 1900ರ ಫೆಬ್ರವರಿ 25ರಂದು ಹೊಸ ಮಾರ್ಗವು ತೆರೆಯಿತು. ಹಿಂದಿನ ದಿನವೇ ಕಿಂಗ್ ವಿಲಿಯಂ ಸ್ಟ್ರೀಟ್‌ನಿಂದ ಕೊನೆಯ ರೈಲು ಹೊರಟಿತ್ತು. ಮಾರ್ಗವು 1901ರಲ್ಲಿ ಏಂಜೆಲ್, 1907ರಲ್ಲಿ ಯೂಸ್ಟನ್ ತಲುಪಿತು. ಒಂದು ಕಾಲದಲ್ಲಿ ಭೂಮಿಯ ಬೆಲೆಗೆ ಅಂಜಿದ ಕಂಪನಿಯೇ ಬ್ಯಾಂಕ್ ನಿಲ್ದಾಣಕ್ಕಾಗಿ ಸೇಂಟ್ ಮೇರಿ ವುಲ್‌ನಾತ್ ಎಂಬ ಪ್ರಾಚೀನ ಚರ್ಚಿನ ಅಡಿಪಾಯವನ್ನು ಉಕ್ಕಿನ ತೊಲೆಗಳಿಂದ ಎತ್ತಿಹಿಡಿದು ಅದರ ಕೆಳಗೆ ಟಿಕೆಟ್ ಕೊಠಡಿಯನ್ನು ಕಟ್ಟಿತು. ಸರಿಯಾದ ಸ್ಥಳಕ್ಕೆ ತೆರಬೇಕಾದ ಬೆಲೆಯನ್ನು ಅದು ಕೊನೆಗೂ ತೆತ್ತಿತು; ಆದರೆ ತಪ್ಪಾದ ಸ್ಥಳದ ಬೆಲೆಯನ್ನೂ ತೆತ್ತ ಬಳಿಕ.

ಸುರಂಗದ ಸಣ್ಣ ಗಾತ್ರದ ಋಣವು ಇನ್ನೂ ಉಳಿದಿತ್ತು. 1913ರಲ್ಲಿ ಕಂಪನಿಯು ಅಂಡರ್‌ಗ್ರೌಂಡ್ ಎಲೆಕ್ಟ್ರಿಕ್ ರೈಲ್ವೇಸ್ ಸಮೂಹದ ಸ್ವಾಧೀನವಾಯಿತು. 1922ರಿಂದ 1924ರವರೆಗೆ ಇಡೀ ಮಾರ್ಗದ ಸುರಂಗಗಳನ್ನು ಇತರ ಮಾರ್ಗಗಳ ಅಳತೆಗೆ ಹಿಗ್ಗಿಸಬೇಕಾಯಿತು. ಸಂಚಾರವನ್ನು ನಡೆಸುತ್ತಲೇ ಕೆಲಸ ಮಾಡುವ ಪ್ರಯತ್ನವು 1923ರ ನವೆಂಬರ್‌ನಲ್ಲಿ ಸಂಭವಿಸಿದ ಕುಸಿತದಿಂದ ನಿಂತುಹೋಗಿ, ಮಾರ್ಗವನ್ನೇ ಮುಚ್ಚಬೇಕಾಯಿತು. 1924ರ ಡಿಸೆಂಬರ್‌ನಲ್ಲಿ ಕ್ಲಾಪಮ್ ಕಾಮನ್‌ವರೆಗಿನ ಸಂಚಾರ ಪುನಃ ಆರಂಭವಾಯಿತು. ಕಿಂಗ್ ವಿಲಿಯಂ ಸ್ಟ್ರೀಟ್‌ನ ಸುರಂಗಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೀಗಾಗಿ ಅವು ಮೂಲ ಅಳತೆಯಲ್ಲಿಯೇ ಇಂದಿಗೂ ಉಳಿದುಕೊಂಡಿವೆ.

ಮುಚ್ಚಿದ ನಂತರ

ನಿರುಪಯುಕ್ತ ಆಸ್ತಿಯು ನಿರರ್ಥಕ ಆಸ್ತಿಯಾಗಬೇಕೆಂದಿಲ್ಲ. ನಿಲ್ದಾಣದ ಮೇಲಿನ ಕಟ್ಟಡವನ್ನು 1930ರ ದಶಕದಲ್ಲಿ ಕೆಡವಿ ರೀಜಿಸ್ ಹೌಸ್ ಎಂಬ ಕಚೇರಿ ಕಟ್ಟಡವನ್ನು ನಿರ್ಮಿಸಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಳಗಿನ ಸುರಂಗಗಳು ವಾಯುದಾಳಿಯಿಂದ ರಕ್ಷಿಸಿಕೊಳ್ಳುವ ಆಶ್ರಯತಾಣಗಳಾದವು. ನದಿಯ ದಕ್ಷಿಣದ ಸುರಂಗದ ಭಾಗವನ್ನೂ ಇದೇ ರೀತಿ ಬಳಸಲಾಯಿತು. ಬಾಂಬಿನಿಂದ ನದಿಯ ನೀರು ನುಗ್ಗದಂತೆ ಸುರಂಗಗಳಿಗೆ ಕಾಂಕ್ರೀಟಿನ ತಡೆಗಳನ್ನು ಹಾಕಲಾಯಿತು. ಯುದ್ಧಕಾಲದ ಭಿತ್ತಿಪತ್ರಗಳ ಅವಶೇಷಗಳು ಬಹುಕಾಲ ಗೋಡೆಗಳ ಮೇಲೆ ಉಳಿದಿದ್ದವು. ಮುಂದೆ ಲಂಡನ್ ಬ್ರಿಡ್ಜ್ ನಿಲ್ದಾಣದ ಗಾಳಿ ಸಂಚಾರಕ್ಕೆ ಹಳೆಯ ಸುರಂಗದ ಭಾಗವು ಉಪಯೋಗಕ್ಕೆ ಬಂದಿತು.

2016ರಲ್ಲಿ ಬ್ಯಾಂಕ್ ನಿಲ್ದಾಣದ ಸಾಮರ್ಥ್ಯವನ್ನು ಹೆಚ್ಚಿಸುವ ದೊಡ್ಡ ಕಾಮಗಾರಿ ಆರಂಭವಾದಾಗ, ಆರ್ಥರ್ ಸ್ಟ್ರೀಟ್‌ನಲ್ಲಿ ತೋಡಿದ ಬಾವಿಯ ಮೂಲಕ ಈ ಹಳೆಯ ಸುರಂಗಗಳು ಮತ್ತೊಮ್ಮೆ ಕೆಲಸಗಾರರನ್ನು ಕಂಡವು. 2022ರ ಮೇ ತಿಂಗಳಿನಲ್ಲಿ ನಾರ್ದರ್ನ್ ಲೈನಿನ ಹೊಸ ದಕ್ಷಿಣಾಭಿಮುಖ ಸುರಂಗ ಮತ್ತು ಅಗಲವಾದ ಪ್ಲಾಟ್‌ಫಾರಂ ಸಂಚಾರಕ್ಕೆ ತೆರೆದವು. ಸ್ಥಳದ ಅಭಾವದಿಂದ ಮುಚ್ಚಿದ ನಿಲ್ದಾಣವು, ಅದರ ಸ್ಥಾನಕ್ಕೆ ಬಂದ ನಿಲ್ದಾಣಕ್ಕೆ ಸ್ಥಳ ಒದಗಿಸುವ ಕೆಲಸದಲ್ಲಿ ನೆರವಾಯಿತು.

ಬೆಂಗಳೂರಿನ ಒಂದು ಹೋಲಿಕೆ

ಗ್ರೇಟ್‌ಹೆಡ್‌ನ ಕವಚ ಪದ್ಧತಿಯ ಮುಂದುವರಿದ ರೂಪವೇ ಇಂದಿನ ಸುರಂಗ ಕೊರೆಯುವ ಬೃಹತ್ ಯಂತ್ರ. ಬೆಂಗಳೂರಿನ 'ನಮ್ಮ ಮೆಟ್ರೋ'ದ ಸುರಂಗಗಳನ್ನು ಕೊರೆದುದು ಇಂತಹ ಯಂತ್ರಗಳಿಂದಲೇ. ಅದರ ಮೊದಲ ಭೂಗತ ಮಾರ್ಗದಲ್ಲಿ 2016ರಲ್ಲಿ ಸಂಚಾರ ಆರಂಭವಾಯಿತು. ಸಾಮರ್ಥ್ಯದ ವಿಚಾರದಲ್ಲಿ ಇಲ್ಲಿ ಅನುಸರಿಸಿದ ಕ್ರಮವು ಹೋಲಿಕೆಗೆ ಯೋಗ್ಯವಾಗಿದೆ. 2011ರಲ್ಲಿ ಮೆಟ್ರೋ ಆರಂಭವಾದಾಗ ಓಡಿದ್ದು ಮೂರು ಬೋಗಿಗಳ ರೈಲುಗಳು. ಆದರೆ ಪ್ಲಾಟ್‌ಫಾರಂಗಳನ್ನು ಆರು ಬೋಗಿಗಳ ಅಳತೆಗೆ ಕಟ್ಟಲಾಗಿತ್ತು. 2018ರಿಂದ ಆರು ಬೋಗಿಗಳ ರೈಲುಗಳನ್ನು ಸೇರಿಸತೊಡಗಿದಾಗ ನಿಲ್ದಾಣಗಳನ್ನು ಒಡೆದು ಕಟ್ಟುವ ಪ್ರಮೇಯ ಬರಲಿಲ್ಲ. ಚರ ಆಸ್ತಿಯಾದ ಬೋಗಿಯನ್ನು ಬೇಡಿಕೆಗೆ ಅನುಗುಣವಾಗಿ ಕೊಳ್ಳಬಹುದು. ಸ್ಥಿರ ಆಸ್ತಿಯಾದ ನಿಲ್ದಾಣವನ್ನು ಭವಿಷ್ಯಕ್ಕೆ ಅನುಗುಣವಾಗಿ ಕಟ್ಟಬೇಕು ಎಂಬ ತತ್ತ್ವವು ಇದರಲ್ಲಿ ಅಡಗಿದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಹಿಗ್ಗಿಸಬಹುದಾದದ್ದು ಮತ್ತು ಹಿಗ್ಗಿಸಲಾಗದ್ದು: ಯಾವುದೇ ಹೂಡಿಕೆಯಲ್ಲಿ ಮುಂದೆ ಸುಲಭವಾಗಿ ಬದಲಿಸಬಹುದಾದ ಅಂಶಗಳನ್ನೂ, ಬದಲಿಸಲಾಗದ ಅಂಶಗಳನ್ನೂ ಪ್ರತ್ಯೇಕವಾಗಿ ಪಟ್ಟಿ ಮಾಡಬೇಕು. ಯಂತ್ರ, ವಾಹನ, ಪೀಠೋಪಕರಣಗಳು ಮೊದಲನೆಯ ವರ್ಗ. ಶೆಡ್ಡಿನ ಎತ್ತರ, ಬಾಗಿಲಿನ ಅಗಲ, ಲಾರಿ ತಿರುಗುವ ಜಾಗ, ನೆಲದ ಭಾರ ಹೊರುವ ಶಕ್ತಿ, ವಿದ್ಯುತ್ ಸಂಪರ್ಕದ ಸ್ಥಾನ ಇವು ಎರಡನೆಯ ವರ್ಗ. ಉಳಿತಾಯವನ್ನು ಮೊದಲನೆಯ ವರ್ಗದಲ್ಲಿ ಹುಡುಕುವುದು ಲೇಸು.

2. ತಂತ್ರಜ್ಞಾನ ಬದಲಾದಾಗ ಅಳತೆಗಳ ಮರುಪರಿಶೀಲನೆ: ಯಂತ್ರ ಪೂರೈಕೆದಾರನು ಕೈಕೊಟ್ಟು ಬೇರೆ ಯಂತ್ರವನ್ನು ತರಬೇಕಾದಾಗ, ಹಳೆಯ ಯಂತ್ರಕ್ಕಾಗಿ ಮಾಡಿದ ಪ್ರತಿಯೊಂದು ನಿರ್ಧಾರವನ್ನೂ ಮತ್ತೆ ಪ್ರಶ್ನಿಸಬೇಕು. ಬದಲಿಸಲು ಸಾಧ್ಯವಿಲ್ಲದಿದ್ದರೂ, ಅದರಿಂದ ಬರುವ ಮಿತಿಯನ್ನು ಲೆಕ್ಕಪತ್ರದಲ್ಲಿ ಕಾಣಿಸಬೇಕು.

3. ಪೂರೈಕೆದಾರನ ಆರ್ಥಿಕ ಸ್ಥಿತಿ: ಒಂದೇ ಪೇಟೆಂಟ್ ಹೊಂದಿದ ಒಂದೇ ಸಂಸ್ಥೆಯನ್ನು ನೆಚ್ಚಿ ಇಡೀ ಯೋಜನೆಯ ಅಳತೆಗಳನ್ನು ನಿಗದಿಪಡಿಸುವುದು ಅಪಾಯಕಾರಿ. ಸರಕಿನ ಗುಣಮಟ್ಟದಷ್ಟೇ ಸರಬರಾಜುದಾರನ ಬಾಳಿಕೆಯನ್ನೂ ಪರಿಶೀಲಿಸಬೇಕು.

4. ಅತ್ಯಂತ ದುರ್ಬಲ ಕೊಂಡಿಯ ಶೋಧನೆ: ಒಟ್ಟು ವ್ಯವಸ್ಥೆಯ ಸಾಮರ್ಥ್ಯವನ್ನು ನಿರ್ಧರಿಸುವ ಸ್ಥಳವು ಬಹುತೇಕ ಒಂದೇ ಇರುತ್ತದೆ. ಅದು ಪ್ಯಾಕಿಂಗ್ ವಿಭಾಗವಿರಬಹುದು, ಬಣ್ಣ ಒಣಗುವ ಕೋಣೆಯಿರಬಹುದು, ಬಿಲ್ಲು ಬರೆಯುವ ಒಂದೇ ಮೇಜಿರಬಹುದು. ಅದನ್ನು ಗುರುತಿಸದೆ ಬೇರೆಡೆ ಹೂಡಿದ ಹಣವು ಉತ್ಪಾದನೆಯನ್ನು ಹೆಚ್ಚಿಸುವುದಿಲ್ಲ.

5. ತೇಪೆಗೆ ಮಿತಿ: 1895ರ ಮಾರ್ಪಾಡು ಕಾಲಾವಕಾಶವನ್ನು ನೀಡಿತು, ಆ ಕಾಲವನ್ನು ಕಂಪನಿಯು ಹೊಸ ಸುರಂಗಗಳ ನಿರ್ಮಾಣಕ್ಕೆ ಬಳಸಿಕೊಂಡಿತು. ಶಾಶ್ವತ ಪರಿಹಾರದ ಕೆಲಸ ಜೊತೆಯಲ್ಲಿಯೇ ನಡೆಯುತ್ತಿದ್ದರೆ ಮಾತ್ರ ತಾತ್ಕಾಲಿಕ ವೆಚ್ಚವು ಸಾರ್ಥಕ.

6. ಮುಳುಗಿದ ಹಣದ ಮೋಹ: ಕೇವಲ ಒಂಬತ್ತು ವರ್ಷ ಹಳೆಯದಾದ ನಿಲ್ದಾಣವನ್ನು ತ್ಯಜಿಸುವುದು ಷೇರುದಾರರಿಗೆ ಸುಲಭದ ಮಾತಾಗಿರಲಿಲ್ಲ. ಹೂಡಿದ ಹಣ ವ್ಯರ್ಥವಾಗುವುದೆಂದು ಅದನ್ನೇ ಹಿಡಿದು ಕುಳಿತಿದ್ದರೆ ಮಾರ್ಗವು ಉತ್ತರಕ್ಕೆ ಬೆಳೆಯುತ್ತಲೇ ಇರಲಿಲ್ಲ. ಹಿಂದೆ ಮಾಡಿದ ವೆಚ್ಚವು ಮುಂದಿನ ನಿರ್ಧಾರಕ್ಕೆ ಕಾರಣವಾಗಬಾರದೆಂಬ ಲೆಕ್ಕಶಾಸ್ತ್ರದ ನಿಯಮವನ್ನು ಅವರು ಪಾಲಿಸಿದರು. ಈ ಕಥೆಯಲ್ಲಿ ಅನುಕರಣೀಯವಾದ ಅಂಶ ಇದೇ.

ಸ್ವಪರಿಶೀಲನೆಗೆ ಕೆಲವು ಪ್ರಶ್ನೆಗಳು

ಹೊಸ ಕಟ್ಟಡ, ಗೋದಾಮು ಅಥವಾ ಯಂತ್ರಕ್ಕೆ ಹಣ ತೊಡಗಿಸುವ ಮುನ್ನ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಅ) ಬೇಡಿಕೆಯು ನಿರೀಕ್ಷೆಯ ಎರಡರಷ್ಟಾದರೆ ಮೊದಲು ಅಡ್ಡಿಯಾಗುವ ಸ್ಥಳ ಯಾವುದು?

ಆ) ಆ ಸ್ಥಳವನ್ನು ಇಂದು ಹಿಗ್ಗಿಸಲು ತಗಲುವ ಹೆಚ್ಚುವರಿ ವೆಚ್ಚ ಎಷ್ಟು? ಐದು ವರ್ಷಗಳ ನಂತರ, ಕೆಲಸವನ್ನು ನಿಲ್ಲಿಸಿ ಹಿಗ್ಗಿಸುವುದಾದರೆ ಎಷ್ಟು?

ಇ) ಈಗ ಆಯ್ಕೆ ಮಾಡಿದ ಯಂತ್ರವ್ಯವಸ್ಥೆಯು ದೊರೆಯದಿದ್ದಲ್ಲಿ ಇದೇ ಕಟ್ಟಡದಲ್ಲಿ ಬೇರೆ ವ್ಯವಸ್ಥೆಯನ್ನು ಅಳವಡಿಸಬಹುದೇ?

ಈ) ವ್ಯವಹಾರವು ಯಾವ ದಿಕ್ಕಿನಲ್ಲಿ ಬೆಳೆಯುವ ಸಂಭವವಿದೆ? ಆ ದಿಕ್ಕಿನಲ್ಲಿ ಗೋಡೆ ಇದೆಯೇ, ಖಾಲಿ ಜಾಗವಿದೆಯೇ?

ಉ) ಈ ಆಸ್ತಿಯನ್ನು ಬಿಟ್ಟುಕೊಡಬೇಕಾದ ಸಂದರ್ಭ ಯಾವುದೆಂದು ಮೊದಲೇ ನಿರ್ಧರಿಸಲಾಗಿದೆಯೇ?

ಉಪಸಂಹಾರ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ದಿನನಿತ್ಯದ ಖರ್ಚಿನ ವಿಷಯದಲ್ಲಿ ಸರಿಯಾದುದೇ. ಆದರೆ ಹಾಸಿಗೆಯನ್ನೇ ಹೊಸದಾಗಿ ಮಾಡಿಸುವಾಗ ಬೆಳೆಯುವ ಮಗುವಿನ ಕಾಲನ್ನು ನೆನೆಯಬೇಕಾಗುತ್ತದೆ. ಎಲ್ಲವನ್ನೂ ದೊಡ್ಡದಾಗಿಯೇ ಕಟ್ಟಬೇಕೆಂಬುದು ಇದರ ಅರ್ಥವಲ್ಲ. ಹಾಗೆ ಕಟ್ಟಿ ಬಡ್ಡಿಯ ಭಾರಕ್ಕೆ ಕುಸಿದ ಉದ್ಯಮಗಳಿಗೂ ಕೊರತೆಯಿಲ್ಲ. ಎಲ್ಲಿ ಸಣ್ಣದಾಗಿರಬಹುದು, ಎಲ್ಲಿ ಸಣ್ಣದಾಗಿರಕೂಡದು ಎಂಬ ವಿವೇಚನೆಯೇ ಮುಖ್ಯ.

ಗ್ರೇಟ್‌ಹೆಡ್ 1896ರಲ್ಲಿ, ತನ್ನ ನಿಲ್ದಾಣವು ಮುಚ್ಚುವುದನ್ನು ಕಾಣದೆ ನಿಧನನಾದನು. ಬ್ಯಾಂಕ್ ನಿಲ್ದಾಣದ ಸಮೀಪದ ಕಾರ್ನ್‌ಹಿಲ್ ರಸ್ತೆಯಲ್ಲಿ 1994ರಲ್ಲಿ ಅವನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಪ್ರತಿಮೆಯ ಪೀಠವು ಕೆಳಗಿನ ರೈಲ್ವೆಗೆ ಗಾಳಿ ಒದಗಿಸುವ ಕೊಳವೆಯೂ ಆಗಿದೆ. ಅವನ ಸುರಂಗ ವಿಧಾನವು ಪ್ರಪಂಚದಾದ್ಯಂತ ಹರಡಿತು. ಅವನು ಕಟ್ಟಿದ ಮೊದಲ ಮಾರ್ಗದ ಕೊನೆಯ ನಿಲ್ದಾಣವು ದಶಕವನ್ನೂ ಪೂರೈಸಲಿಲ್ಲ. ಉತ್ತಮ ತಂತ್ರಜ್ಞಾನ, ಉತ್ತಮ ಮಾರುಕಟ್ಟೆ ಇವೆರಡೂ ಇದ್ದರೂ, ಇಕ್ಕಟ್ಟಾದ ಒಂದು ಸ್ಥಳವು ಉದ್ಯಮದ ಲಾಭವನ್ನು ಕಟ್ಟಿಹಾಕಬಲ್ಲದೆಂಬುದನ್ನು ನಮ್ಮ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಮನಗಾಣಬೇಕಾಗಿದೆ.